ಅಣ್ಣ ಹೂಂ ಅಂದ್ರೆ ಸ್ಟೆಂಟು

ಹಲೋ… ಹಲೋ, ಯಾರು ಮಾತಾಡ್ತಿರೋದು?… ಅಕ್ಕನಾ? ಭಾವನ ನಂಬರಿಗೆ ಮಾಡಿದ್ದೆ, ಅದಕ್ಕೇ ಗುರುತು ಸಿಗ್ಲಿಲ್ಲ ಕಣಕ್ಕ. ನಾನು ಗಂಗಾಂಬಿಕೆ, ತುಮಕೂರಿಂದ…

ಮನೇಲಿ ಎಲ್ಲಿ ಅಕ್ಕ, ಆಸ್ಪತ್ರೇಲೇ ಇದೀನಿ. ಮರಳೂರಿನ ಮನೆ ಬಾಗ್ಲು ತೆಗೆದು ಯಾವ ಕಾಲ ಆಯ್ತೋ. ಪಕ್ಕದ ಮನೆಯೋರು ತುಳಸಿಗೆ ನೀರು ಹಾಕ್ತಾವ್ರೆ ಅಷ್ಟೇ…

ಇವ್ರಾ? ಮಲಗವ್ರೆ. ಮಲಗವ್ರೆ ಅಂದ್ರೆ ಏನು, ಕಾಲನ್ನ ಮಂಚದಿಂದ ಕೆಳಕ್ಕೆ ಇಳಿಬಿಟ್ಕೊಂಡು ಒರಗಿರ್ತಾರೆ. ಇಳಿಬಿಟ್ರೆ ಒಂಚೂರು ನೋವು ಕಮ್ಮಿ. ನರ್ಸಮ್ಮ ಬಂದು ಕಾಲು ಎತ್ತಿ ಮೇಲೆ ಇಟ್ರೆ ಸಾಕು, ಹಲ್ಲು ಕಚ್ಕೊಂಡು ಗೋಡೆ ಕಡೆ ತಿರುಗ್ತಾರೆ. ನೋಡಕ್ಕಾಗಲ್ಲ ಅಕ್ಕ…

ಭಾವಂಗೆ ಕೊಡಿ ಒಂದ್ನಿಮಿಷ… ಪೂಜೆಗೆ ಕೂತವ್ರಾ?… ಗೊತ್ತು ಕಣಕ್ಕ, ಪಾದೋದಕ ತಗೊಳ್ಳೋ ತನಕ ತುಟಿ ಬಿಚ್ಚಲ್ಲ. ಅದೇ ಮನೆಗೆ ಸೊಸೆಯಾಗಿ ಬಂದೋಳಲ್ವಾ ನಾನೂ. ಪರ್ವಾಗಿಲ್ಲ, ಲೈನಲ್ಲೇ ಇರ್ತೀನಿ. ಇಟ್ಬುಡ್ಬೇಡಿ ಅಕ್ಕ, ದಮ್ಮಯ್ಯ. ಇಟ್ರೆ ಆಮೇಲೆ ಭಾವ ಎತ್ತಲ್ಲ. ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ, ರಿಂಗಾಗಿ ರಿಂಗಾಗಿ ನಿಂತೋಗ್ತೈತೆ…

ಯಾಕೆ ಇಷ್ಟು ಅವಸರ ಅಂದ್ರೆ, ಇವತ್ತು ಬೆಂಗ್ಳೂರಿನ ಡಾಕ್ಟ್ರು ಬಂದವ್ರೆ. ವಾರಕ್ಕೊಂದು ಸಲ ಬರೋದು ಅವ್ರು. ಮಧ್ಯಾಹ್ನ ಮುಗಿಸ್ಕೊಂಡು ಹೊರಟೋಗ್ತಾರೆ. ಹೋದ್ವಾರ ಇದೇ ಹೊತ್ತಿಗೆ ಸ್ಟೆಂಟು ತರಿಸ್ಕೊಂಡು ರೆಡಿಯಾಗಿ ನಿಂತಿದ್ರು ಪಾಪ. ಭಾವ ಫೋನಲ್ಲಿ ಬೇಡ ಅಂದ್ರು, ಇವ್ರು ಸೈನ್ ಹಾಕಲ್ಲ ಅಂದ್ರು, ತಂದಿದ್ದು ತಂದಂಗೇ ವಾಪಸ್ ಹೋಯ್ತು. ಈ ಸಲ ನಾನೇ ಡಾಕ್ಟ್ರ ಕೈಕಾಲು ಹಿಡಿದು ಮತ್ತೆ ತರಿಸಿದೀನಿ…

ಕಾಲಾ? ಏನು ಹೇಳ್ಲಿ. ಹೋದ್ವಾರ ಹೆಬ್ಬೆರಳಿನ ಉಗುರು ಒಂದೇ ಕಪ್ಪಿತ್ತು, ನೀವೇ ನೋಡ್ಕೊಂಡು ಹೋದ್ರಲ್ಲ. ಈಗ ಬೆರಳೆಲ್ಲ ಕಪ್ಪಾಗೈತೆ. ಪಾದ ಮುಟ್ಟಿದ್ರೆ ತಣ್ಣಗೆ, ಜೀವ ಇರೋ ಮೈ ಅನ್ಸಲ್ಲ…

ಅಳ್ಬೇಡಿ ಅಕ್ಕ. ನೀವತ್ರೆ ನಾನು ನಿಂತ್ಕೊಳ್ಳಕ್ಕಾಗಲ್ಲ. ಅಳೋ ಬದ್ಲು ಭಾವಂಗೆ ಒಂದು ಮಾತು ಹೇಳ್ಬಾರ್ದಾ ನೀವು?… ಹೂಂ. ಅದೂ ಸರೀನೇ. ಆ ಮನೇಲಿ ನಿಮ್ಮ ಮಾತು ಯಾವತ್ತು ನಡ್ದೈತೆ, ನನ್ನ ಮಾತು ಯಾವತ್ತು ನಡ್ದೈತೆ…

ಎದ್ರಾ? ಕೊಡಿ, ಕೊಡಿ…

ಶರಣು ಭಾವ. ಪೂಜೆ ಆಯ್ತಾ?… ಹಾಂ, ನಾನೇ. ಇಲ್ಲ, ತೊಂದ್ರೆ ಕೊಡ್ಬೇಕು ಅಂತಲ್ಲ. ಅದೇ ವಿಷ್ಯಕ್ಕೆ ಮಾಡ್ದೆ…

ಮುಗ್ದೋಗಿಲ್ಲ ಭಾವ. ನೀವು ಮುಗೀತು ಅಂದ್ರೆ ಮುಗ್ದಂಗಾ? ನಿಮ್ಮ ತಮ್ಮನ ಕಾಲಿಗೆ ಅದು ಗೊತ್ತಾಗ್ಬೇಕಲ್ಲ…

ಏರುದನಿ ಅಲ್ಲ ಭಾವ. ಇಲ್ಲಿ ವರಾಂಡದಲ್ಲಿ ಗಲಾಟೆ, ಅದಕ್ಕೆ ಜೋರಾಗಿ ಮಾತಾಡ್ತಿದೀನಿ. ಒಂದೇ ಒಂದು ಮಾತು ನಿಮ್ಮ ಬಾಯಿಂದ ಬೇಕು. ಹೂಂ ಅಂತ. ನೀವು ಹೂಂ ಅಂದ್ರೆ ಇವ್ರು ಸೈನ್ ಹಾಕ್ತಾರೆ. ಡಾಕ್ಟ್ರು ಹೇಳಿದ್ರು, ನಾನು ಹೇಳ್ದೆ, ಇವ್ರ ಜೊತೆ ಕೆಲ್ಸ ಮಾಡೋರು ಹಿರೇಹಳ್ಳಿಯಿಂದ ಬಂದು ಹೇಳಿ ಹೋದ್ರು. ಎಲ್ರಿಗೂ ಒಂದೇ ಉತ್ರ. ಅಣ್ಣನ ಬಾಯಿಂದ ಬರ್ಲಿ, ಅಣ್ಣ ಬೇಡ ಅಂದಿದ್ದನ್ನ ಮೈಯೊಳಗೆ ಇಟ್ಕೊಳ್ಳಲ್ಲ ಅಂತ…

ಹೌದು ಭಾವ, ನೀವೇ ಸಾಕಿದ್ದು. ಮಾವ ಹೋದ್ಮೇಲೆ ನೀವೇ ಓದ್ಸಿದ್ದು, ನೀವೇ ಕೆಲ್ಸಕ್ಕೆ ಸೇರ್ಸಿದ್ದು. ಯಾರು ಇಲ್ಲ ಅಂದ್ರು? ಸಾಕಿದ ಕೈಯಿಂದಾನೇ ಈಗ್ಲೂ ಕಾಪಾಡಿ ಅಂತಿದೀನಿ…

ಬೀಡಿ ವಿಷ್ಯ ಈಗ್ಯಾಕೆ ಭಾವ? ಸೇದ್ತಿದ್ರು, ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಫ್ಯಾಕ್ಟ್ರೀಲಿ ಶೆಡ್ಡಿಂದ ಗೇಟಿಗೆ ನಡ್ಯೋಷ್ಟರಲ್ಲಿ ಮೀನಖಂಡ ಹಿಡ್ಕೊಳ್ತಿತ್ತಂತೆ. ಯಾರಿಗೂ ಗೊತ್ತಾಗ್ಬಾರ್ದು ಅಂತ ಮೊಬೈಲ್ ತೆಗೆದು ಮೆಸೇಜ್ ನೋಡೋರ ಥರ ನಿಂತ್ಕೊಳ್ತಿದ್ರಂತೆ. ನೋವು ಇಳಿದ್ಮೇಲೆ ಮತ್ತೆ ನಡ್ಯೋದು. ಮನೇಲಿ ಹೆಂಡ್ತಿಗೂ ಹೇಳ್ಲಿಲ್ಲ ಮಹಾನುಭಾವ. ಬೈಯೋದಿದ್ರೆ ಕಾಲು ಉಳಿದ್ಮೇಲೆ ಇಬ್ರೂ ಸೇರಿ ಬೈಯೋಣ…

ಏನು?… ನಿಮ್ಮೂರಿನ ಸಂಗಮೇಶಣ್ಣನ ಕಾಲಿಗೆ ಹಾಕಿದ್ದೇ ಹಾಕ್ಸಿ ಅಂತೀರಾ? ಅದನ್ನೂ ಕೇಳ್ದೆ ಭಾವ, ಬಿಟ್ಟಿಲ್ಲ. ಸಂಗಮೇಶಣ್ಣಂಗೆ ಬ್ಲಾಕ್ ಆಗಿದ್ದು ತೊಡೇಲಿ. ಅಲ್ಲಿಗೆ ಸ್ಪ್ರಿಂಗ್ ಥರದ್ದು ಹಾಕ್ತಾರಂತೆ, ತಾನಾಗೇ ಅರಳ್ಕೊಳ್ಳುತ್ತೆ, ಕಾಲು ಮಡಿಸಿದ್ರೆ ಜೊತೆಗೆ ಬಾಗುತ್ತೆ. ಇವ್ರದ್ದು ತೊಡೆ ಅಲ್ಲ. ಸೊಂಟದೊಳಗೆ. ಹೊಕ್ಕುಳ ಹತ್ರ ದೊಡ್ಡ ರಕ್ತನಾಳ ಬಂದು ಪ್ಯಾಂಟಿನ ಕಾಲಿನ ಥರ ಎರಡಾಗುತ್ತಂತೆ, ಆ ಕವಲಲ್ಲೇ ಕಟ್ಕೊಂಡೈತೆ. ಡಾಕ್ಟ್ರು ನನ್ನ ಅಂಗೈ ಮೇಲೆ ಪೆನ್ನಲ್ಲಿ ಬರೆದು ತೋರ್ಸಿದ್ರು. ಇನ್ನೂ ಹಂಗೇ ಐತೆ ಗೆರೆ, ಕೈ ತೊಳ್ಕೊಂಡಿಲ್ಲ…

ಬರೀ ಕೊಬ್ಬಾಗಿದ್ರೆ ಯಾವ್ದಾದ್ರೂ ನಡೀತಿತ್ತಂತೆ ಭಾವ. ಇವ್ರಿಗೆ ಸುಣ್ಣ ಕಟ್ಟೈತೆ. ಬಿಸಿನೀರು ಹಂಡೆ ಒಳಗೆ ಕಟ್ಟುತ್ತಲ್ಲ, ಹಂಗೆ, ಕಲ್ಲಾಗೈತೆ. ಸ್ಪ್ರಿಂಗಿಗೆ ಅದನ್ನ ದಬ್ಬೋ ಶಕ್ತಿ ಇಲ್ಲ. ಬಲೂನ್ ಊದಿ ಕೂರ್ಸೋದೇ ಬೇಕು, ಅದು ಗಟ್ಟಿ, ಇಟ್ಟ ಜಾಗ ಬಿಟ್ಟು ಅಲ್ಲಾಡಲ್ಲ…

ಹಾಂ, ಮೇಲೆ ಬಟ್ಟೆ ಇಲ್ದೆ ಬರೀ ಜಾಲರಿದೂ ಐತೆ. ಅದನ್ನೇ ಹಾಕ್ಲಿ ಅಂತೀರಾ… ಭಾವ, ಕೇಳಿ ಇಲ್ಲಿ. ಬಲೂನ್ ಊದ್ವಾಗ ಆ ಸುಣ್ಣ ಚಟ್ಟಂತ ಒಡ್ದು ನಾಳ ಹರಿದ್ರೆ? ಜಾಲರಿ ಸಂದೀಲಿ ರಕ್ತ ಎಲ್ಲ ಹೊಟ್ಟೆಯೊಳಕ್ಕೆ ಹೋಗುತ್ತೆ. ಟೇಬಲ್ ಮೇಲೇ ಹೋಗ್ಬಿಡ್ತಾರೆ ಅಂದ್ರು. ಮುಲಾಜಿಲ್ದೆ ಹಂಗೇ ಅಂದ್ರು. ಅದಕ್ಕೇ ಬಟ್ಟೆ ಹೊದ್ಸಿರೋದು ಬೇಕು. ಹರಿದ್ರೂ ಬಟ್ಟೆ ತಡ್ಕೊಳ್ಳುತ್ತೆ. ಇಂಥ ಜಾಗದಲ್ಲಿ ಮತ್ತೆ ಕಟ್ಕೊಳ್ಳೋದೂ ಕಮ್ಮಿ. ಬಟ್ಟೆದು ಒಪ್ಪಲ್ಲ ಅಂದ್ರೆ ನಾನು ಕೈ ಹಾಕಲ್ಲ ಅಂದ್ಬಿಟ್ಟವ್ರೆ ಡಾಕ್ಟ್ರು…

ಬೇರೆ ಡಾಕ್ಟ್ರು ನೋಡೋಣ್ವಾ? ಯಾವಾಗ ನೋಡೋಣ ಭಾವ? ಪಾದ ಹೋದ್ಮೇಲಾ, ಮೊಣಕಾಲು ಹೋದ್ಮೇಲಾ?…

ಮತ್ತೆ ಅದೇ ಮಾತು. ಪ್ರಾಣಿ ಚರ್ಮ ಅಲ್ಲ ಭಾವ ಅದು! ನೀವು ನೋಡಿದ ವೀಡಿಯೋ ಹೃದಯದ ವಾಲ್ವಿಂದು. ಅದರಲ್ಲಿ ದನದ್ದು, ಹಂದೀದು ಬಳಸ್ತಾರೆ, ಅದು ನಿಜ, ಡಾಕ್ಟ್ರೂ ಹೌದು ಅಂದ್ರು. ಇದು ವಾಲ್ವ್ ಅಲ್ವಲ್ಲ. ಇದರ ಬಟ್ಟೆ ಒಂಥರಾ ಪ್ಲಾಸ್ಟಿಕ್ಕು. ದೋಸೆ ಅಂಟ್ಕೊಳ್ದಂಗೆ ತವಾಗೆ ಬಳಿದಿರ್ತಾರೆ ನೋಡಿ, ಅದೇ ಜಾತಿ. ಅಕ್ಕನ ಅಡುಗೆಮನೇಲೂ ಐತೆ ಆ ತವಾ…

ಗ್ರೂಪಲ್ಲಿ ಹಾಕಿದೋರು ತಿಳಿದೋರೇ ಇರ್ಬೋದು ಭಾವ. ಅವ್ರು ನಿಮ್ಮ ತಮ್ಮನ ಕಾಲು ನೋಡಿಲ್ವಲ್ಲ. ನೀವು ಒಂದು ವೀಡಿಯೋ ನೋಡಿ, ಅದನ್ನ ಇವ್ರಿಗೆ ಕಳ್ಸಿ, ಕೆಳಗೆ ‘ಲಿಂಗ ಕಟ್ಟಿದ ಮೈಗೆ ಇದು ಬೇಡ’ ಅಂತ ಬರೆದ್ರಿ. ಅಷ್ಟೇ. ಅಲ್ಲಿಂದ ಈಚೆಗೆ ಇವ್ರು ಎದೆ ಮೇಲೆ ಲಿಂಗದ ಕರಡಿಗೆ ಹಿಡ್ಕೊಂಡು ಮಲಗ್ಬುಟ್ಟವ್ರೆ. ಯಾರ ಮಾತೂ ಕಿವಿಗೆ ಹೋಗಲ್ಲ…

ನನಗೆ ಆಚಾರ ಇಲ್ವಾ? ನಾನು ಲಿಂಗ ಕಟ್ಟಿಲ್ವಾ ಭಾವ? ಆಸ್ಪತ್ರೆ ಕ್ಯಾಂಟೀನಲ್ಲಿ ಮೊಟ್ಟೆ ಬೇಯ್ಸೋ ವಾಸ್ನೆ ಬರುತ್ತೆ ಅಂತ ಬಾಳೆಹಣ್ಣು ತಿನ್ಕೊಂಡು ಬಿದ್ದಿದೀನಿ ಇಲ್ಲಿ…

ಬುದ್ಧಿಯೋರನ್ನ ಕೇಳ್ಬೇಕಾ? ಕೇಳಿ. ಈಗ್ಲೇ ಕೇಳಿ. ಮಠಕ್ಕೆ ಫೋನ್ ಮಾಡಿ, ನಾನು ಕಾಯ್ತೀನಿ… ಊರಲ್ಲಿಲ್ವಾ… ಯಾವಾಗ ಬರ್ತಾರೆ?… ಹುಣ್ಣಿಮೆಗಾ? ಅಲ್ಲಿ ತನಕ ಆ ಕಾಲಿಗೆ ನಾನು ಏನಂತ ಸಮಾಧಾನ ಹೇಳ್ಲಿ ಭಾವ? ಬುದ್ಧಿಯೋರು ಬರ್ಲಿ ತಡಿ ಅನ್ಲಾ? ಅಲ್ಲ, ನಿಜವಾಗ್ಲೂ ಕೇಳ್ತೀನಿ, ಕಾಲು ಕಳ್ಕೋ ಅಂತ ಯಾವ ಬುದ್ಧಿಯೋರಾದ್ರೂ ಹೇಳ್ತಾರಾ? ಹೇಳಲ್ಲ ಅಂತ ನಿಮಗೂ ಗೊತ್ತು. ಅದಕ್ಕೇ ಕೇಳಿಲ್ಲ…

ಹಾಂ ಸಿಸ್ಟರ್? ಚನ್ನವೀರಯ್ಯನ ಕಡೆಯೋರು ನಾನೇ. ಅವ್ರಣ್ಣನ ಹತ್ರಾನೇ ಮಾತಾಡ್ತಿದೀನಿ. ಐದ್ನಿಮಿಷ, ಪ್ಲೀಸ್… ಆಯ್ತು, ಆಯ್ತು, ನೀವು ಹೊರಗೆ ಕರ್ಕೊಂಬನ್ನಿ, ಅಷ್ಟರಲ್ಲಿ ಹೇಳ್ತೀನಿ…

ಭಾವ, ಇದೀರಾ? ಕೇಳಿಸ್ಕೊಂಡ್ರಾ? ಒಳಗೆ ಕರ್ಕೊಂಡು ಹೋಗಕ್ಕೆ ಸ್ಟ್ರೆಚರ್ ತರ್ತಾವ್ರೆ. ಇವ್ರು ಸೈನ್ ಹಾಕಿದ್ರೆ ಒಳಗೆ. ಇಲ್ಲಾಂದ್ರೆ ಮುಂದಿನ ಪೇಷೆಂಟು. ಹೂಂ ಅನ್ನಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ…

ಏನಂದ್ರಿ?… ಇನ್ನೊಂದ್ಸಲ ಹೇಳಿ. ನಮ್ಮ ಕುಣಿಗಲ್ಲಿನೋರು ಹೇಳ್ಕೊಟ್ರಾ? ಇದರಲ್ಲಿ ಕುಣಿಗಲ್ ಯಾಕೆ ಬಂತು ಭಾವ? ನಮ್ಮಪ್ಪ ಇಲ್ಲ, ಅಮ್ಮ ಇಲ್ಲ, ಇರೋ ಒಬ್ಬ ತಮ್ಮ ಬಂದು ಬಾಗ್ಲಲ್ಲಿ ನಿಂತ್ಕೊಂಡು ಅಳ್ತಾನೆ, ಅವನೇನು ಹೇಳ್ಕೊಡ್ತಾನೆ? ಕುಣಿಗಲ್ ಹೆಣ್ಣು ತಂದಿದ್ದಕ್ಕೆ ಮನೆ ಆಚಾರ ಕೆಡ್ತು ಅಂತ ಅವತ್ತಿಂದ ಅನ್ಕೊಂಡು ಬಂದ್ರಿ. ನಾನು ಬಾಯಿ ಬಿಡ್ಲಿಲ್ಲ. ನೀವು ದೊಡ್ಡೋರು ಅಂತ…

ಹಾಂ. ಇವತ್ತು ಬಿಡ್ತೀನಿ. ನೀವಾಗೇ ಬಿಡಿಸ್ತಿದೀರಾ…

ಹೇಳ್ಬಾರ್ದು ಅಂತ ಇದ್ದೆ. ಡಾಕ್ಟ್ರ ಹತ್ರ ನಾನು ನಿಮ್ಮ ಪರವಾಗಿ ವಾದ ಮಾಡ್ದೆ ಭಾವ. ಸಾರ್, ನಮ್ಮ ಭಾವ ದೊಡ್ಡ ಮನುಷ್ಯರು, ಪ್ರಾಣಿದು ಒಂದು ಚೂರೂ ಇವ್ರ ಮೈಗೆ ಹೋಗ್ಬಾರ್ದು ಅಂತಾರೆ ಅಂದೆ. ಡಾಕ್ಟ್ರು ಏನಂದ್ರು ಗೊತ್ತಾ? ಅಮ್ಮ, ನೀವು ಕೇಳಿದ್ದಕ್ಕೆ ಸುಳ್ಳು ಹೇಳಲ್ಲ, ಸ್ಟೆಂಟಿನ ಬಟ್ಟೆ ಪ್ರಾಣಿದಲ್ಲ, ಆದ್ರೆ ರಕ್ತ ಹೆಪ್ಪುಗಟ್ಟದಂಗೆ ಡ್ರಿಪ್ಪಲ್ಲಿ ಬಿಡ್ತಿದೀವಲ್ಲ ಔಷಧಿ, ಅದು ಹಂದಿ ಕರುಳಿಂದ ತೆಗೆಯೋದು ಅಂದ್ರು…

ಹೌದು ಭಾವ. ಹಂದಿ. ಸೇರಿಸ್ಕೊಂಡ ದಿನದಿಂದ ಹೋಗ್ತೈತೆ ಮೈಯೊಳಕ್ಕೆ. ಅದು ಇರೋದ್ರಿಂದ್ಲೇ ಕಾಲು ಇಷ್ಟಾದ್ರೂ ಉಳ್ದಿರೋದು…

ಇಲ್ಲ, ಇವ್ರಿಗೆ ಹೇಳಿಲ್ಲ. ಹೇಳಿದ್ರೆ ಸೂಜಿ ಕಿತ್ತಾಕ್ತಾರೆ, ಗೊತ್ತು. ಒಬ್ಳೇ ನುಂಗ್ಕೊಂಡು ಕೂತಿದೀನಿ…

ತಡೀರಿ, ಇನ್ನೂ ಐತೆ. ಪಾಪ ಅಂತೀರಲ್ಲ, ಕೇಳಿ. ನಿಮಗೆ ಹಾರ್ಟ್ ಅಟ್ಯಾಕ್ ಆಗಿ ಬೆಂಗ್ಳೂರಿಗೆ ಸೇರ್ಸಿದ್ವಲ್ಲ. ಹೊಕ್ಕುಳ ಪಕ್ಕ ದಿನಾ ಚುಚ್ತಿದ್ರಲ್ಲ ಇಂಜೆಕ್ಷನ್ನು, ಹೊಟ್ಟೆ ಎಲ್ಲ ನೀಲಿಗಟ್ಟಿ, ಅಕ್ಕ ನೋಡಿ ನೋಡಿ ಅಳ್ತಿದ್ರು. ಅದೇನು ಸಾರ್ ಅಂತ ಕೇಳ್ದೆ. ಅದೂ ಅದೇ ಮೂಲದ್ದಂತೆ ಭಾವ. ಅದೇ ಹಂದಿ…

ನಾನ್ಯಾಕೆ ಸುಳ್ಳು ಹೇಳ್ಲಿ? ನೀವೇ ಕೇಳಿ ನಿಮ್ಮ ಡಾಕ್ಟ್ರನ್ನ. ಅವತ್ತು ನಿಮ್ಮ ತಮ್ಮ ಯಾವ ಬುದ್ಧಿಯೋರನ್ನೂ ಕೇಳ್ಲಿಲ್ಲ ಭಾವ. ಯಾವ ವೀಡಿಯೋನೂ ನೋಡ್ಲಿಲ್ಲ. ನಮ್ಮಣ್ಣ ಉಳೀಲಿ ಸಾರ್, ಏನ್ ಬೇಕಾದ್ರೂ ಹಾಕಿ ಅಂದ್ರು. ಕೈ ಮುಗ್ದು ಅಂದ್ರು. ಪಕ್ಕದಲ್ಲೇ ನಿಂತಿದ್ದೆ ನಾನು…

ಗೊತ್ತಿಲ್ದೆ ಆಗಿದ್ದಕ್ಕೆ ದೋಷ ಇಲ್ವಾ? ಚೆನ್ನಾಗೈತೆ. ನಿಮ್ಮ ಎದೆಗೆ ಒಂದು ನ್ಯಾಯ, ಅವ್ರ ಕಾಲಿಗೆ ಒಂದು ನ್ಯಾಯ…

ಬೈರಿ. ಎಷ್ಟಾದ್ರೂ ಬೈರಿ. ಬೈದು ಮುಗಿದ್ಮೇಲೆ ಹೂಂ ಅನ್ನಿ…

ಬಾಗ್ಲು ಮೆಟ್ಬೇಡ ಅಂತೀರಾ? ಆಯ್ತು, ಮೆಟ್ಟಲ್ಲ. ನಿಮ್ಮ ಗುಬ್ಬಿ ಕಡೆ ತಲೆ ಹಾಕಿ ಮಲಗಲ್ಲ, ಸಾಕಾ? ಆದ್ರೆ ನಿಮ್ಮ ತಮ್ಮ ನಡ್ಕೊಂಡು ನಿಮ್ಮ ಬಾಗ್ಲಿಗೆ ಬರ್ಬೇಕೋ, ತೆವ್ಳ್ಕೊಂಡು ಬರ್ಬೇಕೋ, ಅದೊಂದು ಹೇಳ್ಬಿಡಿ…

ಬೇಡ ಅಂದ್ರೆ ಬೇಡ, ಅಷ್ಟೇನಾ? ಇದೇ ಕೊನೇ ಮಾತಾ ಭಾವ? ನೋಡಿ, ಯೋಚ್ನೆ ಮಾಡಿ ಹೇಳಿ, ಒಡಹುಟ್ಟಿದೋನು…

ಹಲೋ?… ಭಾವ?… ಹಲೋ…

ಕಟ್ ಮಾಡ್ಬಿಟ್ರು. ಕಟ್ಟೇ ಮಾಡ್ಬಿಟ್ರು…

ಹಾಂ ಸಿಸ್ಟರ್. ಬಂದೆ… ಅಯ್ಯೋ, ಆಗ್ಲೇ ಕರ್ಕೊಂಬಂದ್ಬಿಟ್ರಾ ಇವ್ರನ್ನ? ಇಲ್ಲೇ ನಿಲ್ಸಿ, ಗೋಡೆ ಪಕ್ಕ. ಒಂದೇ ನಿಮಿಷ… ರೀ, ಇರಿ, ಎದ್ದೇಳ್ಬೇಡಿ, ಲೈನಲ್ಲೇ ಅವ್ರೆ ನಿಮ್ಮಣ್ಣ…

ಹಾಂ ಭಾವ, ಹೇಳಿ. ಈಗ ಕೇಳಿಸ್ತೈತೆ…

ಹೂಂ… ಹೂಂ ಭಾವ… ಇಲ್ಲೇ, ನನ್ನ ಮುಂದೆನೇ ಅವ್ರೆ…

ಬಟ್ಟೆದೇ ಹಾಕ್ಸು ಅಂತೀರಾ? ನಿಜವಾಗ್ಲೂ?… ಸರಿ ಭಾವ. ಹಂಗೇ ಹೇಳ್ತೀನಿ…

ಇಲ್ಲ, ಅವ್ರ ಕೈಗೆ ಫೋನ್ ಕೊಡಕ್ಕಾಗಲ್ಲ, ಒಂದು ಕೈಗೆ ಸೂಜಿ ಹಾಕವ್ರೆ, ಇನ್ನೊಂದರಲ್ಲಿ ಕರಡಿಗೆ ಹಿಡ್ಕೊಂಡವ್ರೆ. ಇಲ್ಲಿ ಸ್ಪೀಕರ್ ಹಾಕಂಗಿಲ್ವಂತೆ. ನಾನೇ ಹೇಳ್ತೀನಿ… ಆಯ್ತು. ಮನೆಗೆ ಬಂದ್ಮೇಲೆ ಮಾತಾಡೋರಂತೆ. ಅಳ್ಬೇಡಿ ಭಾವ, ನೀವೇ ಹಿಂಗಾದ್ರೆ ಹೆಂಗೆ. ಶರಣು, ಶರಣು. ಇಡ್ತೀನಿ…

ರೀ. ಹೂಂ ಅಂದ್ರು ಕಣ್ರೀ. ನಿಮ್ಮಣ್ಣ ಹೂಂ ಅಂದ್ರು. ಅವ್ರ ಬಾಯಿಂದಾನೇ…

ಮನಸಾರೆ ಅಂದ್ರು…

ಅಳ್ತಿದ್ರು. ನನ್ನ ತಮ್ಮನ ಕಾಲಿಗಿಂತ ದೊಡ್ಡದು ಏನಮ್ಮ ಅಂತ ಅಂದ್ರು…

ಹೂಂ ರೀ, ಹೌದು. ನಾನೇ ತಪ್ಪು ತಿಳ್ಕೊಂಡು ಸುಮ್ಸುಮ್ನೆ ಬೈಕೊಂಡು ಓಡಾಡ್ತಿದ್ದೆ. ದೇವ್ರಂಥ ಮನುಷ್ಯ ನಿಮ್ಮಣ್ಣ… ಸೈನ್ ಹಾಕಿ ಈಗ.